ಲಾಕ್‌ಡೌನ್ ಮುಗಿದು ವರ್ಷಗಳಾದವು, ರಾತ್ರಿ ಎರಡರ ಮೊಬೈಲ್ ಮಾತ್ರ ನಿಂತಿಲ್ಲ

ಪ್ರಶ್ನೆ: ಡಾಕ್ಟ್ರೇ, ನನಗೆ 25 ವರ್ಷ. ಊರು ಹೆಬ್ರಿ ಹತ್ತಿರ. 2020ರ ಮಾರ್ಚ್‌ನಲ್ಲಿ ಕಾಲೇಜು ಮುಚ್ಚಿದಾಗ ಮಂಗಳೂರಿನ ಹಾಸ್ಟೆಲ್‌ನಲ್ಲಿದ್ದು ಬಿಎಸ್ಸಿ ಎರಡನೇ ವರ್ಷ ಓದುತ್ತಿದ್ದೆ. ಒಂದು ವಾರದ ರಜೆ ಅಂದುಕೊಂಡು ಎರಡು ಜೊತೆ ಬಟ್ಟೆ ತುಂಬಿಕೊಂಡು ಮನೆಗೆ ಬಂದೆ. ಪುಸ್ತಕವೆಲ್ಲ ಹಾಸ್ಟೆಲ್‌ನಲ್ಲೇ ಉಳಿಯಿತು. ಮೇ ತಿಂಗಳಲ್ಲಿ ಮುಂಬೈಯಲ್ಲಿ ಹೋಟೆಲ್ ಕೆಲಸದಲ್ಲಿದ್ದ ಚಿಕ್ಕಪ್ಪನ ಸಂಸಾರವೂ ಊರಿಗೆ ಬಂತು. ಕ್ವಾರಂಟೈನ್ ಮುಗಿಸಿ ನಮ್ಮ ಮನೆ ಸೇರಿದರು. ಹಗಲೆಲ್ಲ ಆನ್‌ಲೈನ್ ಕ್ಲಾಸು, ಅಡುಗೆಮನೆ ಕೆಲಸ, ಚಿಕ್ಕ ಮಕ್ಕಳ ಗಲಾಟೆ. ಎಲ್ಲರೂ ಮಲಗಿದ ಮೇಲೆ ಉಪ್ಪರಿಗೆಯಲ್ಲಿ ಒಬ್ಬಳೇ ಕೂತು ವೆಬ್ ಸರಣಿ, ಲೂಡೊ, ಆಮೇಲೆ ರೀಲ್ಸ್. ಎರಡು, ಎರಡೂವರೆ ಆಗುತ್ತಿತ್ತು. 2021ರ ಮೇಯಲ್ಲಿ ದೊಡ್ಡಪ್ಪ ಕೋವಿಡ್‌ನಿಂದ ತೀರಿಕೊಂಡರು. ಆಸ್ಪತ್ರೆಯಿಂದ ರಾತ್ರಿ ಫೋನ್ ಬಂದದ್ದು ನನ್ನ ಮೊಬೈಲಿಗೇ. ಎಚ್ಚರ ಇದ್ದದ್ದು ನಾನೊಬ್ಬಳೇ.

ಆಮೇಲೆ ಎಂಎಸ್ಸಿ ಮುಗಿಯಿತು. ಈಗ ಉಡುಪಿಯ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿ. ದಿನಾ ಬಸ್ಸಲ್ಲಿ ಹೋಗಿ ಬರುತ್ತೇನೆ. ಉಪನ್ಯಾಸಕರ ಅರ್ಹತಾ ಪರೀಕ್ಷೆ ಕೆ-ಸೆಟ್‌ಗೆ ಓದುತ್ತಿದ್ದೇನೆ ಅಂತ ಎಲ್ಲರಿಗೂ ಹೇಳುತ್ತೇನೆ, ಪುಸ್ತಕ ತೆರೆಯುವುದು ಅಪರೂಪ. ಚಿಕ್ಕಪ್ಪನವರು ವಾಪಸ್ ಹೋಗಿ ಕಾಲವಾಯಿತು, ಮನೆ ಖಾಲಿ. ಆದರೂ ರಾತ್ರಿ ಎರಡರವರೆಗೆ ಮೊಬೈಲ್. ಬೆಳಿಗ್ಗೆ ಆರೂವರೆಗೆ ಏಳಲೇಬೇಕು. ಭಾನುವಾರ ಹನ್ನೊಂದರವರೆಗೆ ಮಲಗುತ್ತೇನೆ. ಫೋನ್ ರಿಂಗ್ ಆದರೆ ಎದೆ ಢವಢವ ಅನ್ನುತ್ತದೆ, ಅದಕ್ಕೇ ಯಾವಾಗಲೂ ಸೈಲೆಂಟ್‌ನಲ್ಲಿ ಇಟ್ಟಿರುತ್ತೇನೆ. ಕಾಲೇಜಿನಲ್ಲಿದ್ದಾಗ ಯಕ್ಷಗಾನ ತಂಡದಲ್ಲಿ ವೇಷ ಮಾಡುತ್ತಿದ್ದೆ. ಈಗ ಆಟಕ್ಕೆ ಕರೆದರೂ ಹೋಗುವ ಮನಸ್ಸಿಲ್ಲ. ಅಪ್ಪ 'ಇದು ಮೊಬೈಲ್ ಚಟ' ಅಂತಾರೆ. ಗೆಳತಿ ಡೋಪಮೈನ್ ಡಿಟಾಕ್ಸ್ ಮಾಡು, ಕೆಲವು ದಿನ ಮೊಬೈಲ್, ಮನರಂಜನೆ ಎಲ್ಲ ಪೂರ್ತಿ ಬಿಡು ಅಂತಾಳೆ. ಇಷ್ಟು ವರ್ಷ ಹೀಗೆ ಮಾಡಿದರೆ ಮೆದುಳು ಮತ್ತೆ ಸರಿಯಾಗುವುದಿಲ್ಲ ಅಂತ ಒಂದು ವಿಡಿಯೋದಲ್ಲಿ ಕೇಳಿದೆ. ನಿಜವಾ? ನಿದ್ರೆಯ ಹಾರ್ಮೋನ್ ಅಂತಾರಲ್ಲ, ಆ ಮೆಲಟೋನಿನ್ ಮಾತ್ರೆ ತಗೊಳ್ಳಬಹುದಾ? ಡಿಗ್ರಿ ಓದುತ್ತಿರುವ ತಮ್ಮನೂ ಈಗ ನನ್ನ ದಾರಿಯಲ್ಲೇ ಇದ್ದಾನೆ. ಅವನಿಗೆ ಏನು ಹೇಳಲಿ?

ಉತ್ತರ: ನೀವು ಕೇಳಿದ ಪ್ರಶ್ನೆಗಳು ಹಲವು. ಆದರೆ ಅವೆಲ್ಲದರ ಅಡಿಯಲ್ಲಿರುವ ಹೆದರಿಕೆ ಒಂದೇ. ಆ ಎರಡು ವರ್ಷ ನನ್ನನ್ನು ಶಾಶ್ವತವಾಗಿ ಕೆಡಿಸಿತಾ ಅಂತ. ಮೊದಲು ಅದಕ್ಕೇ ಹೇಳಿಬಿಡುತ್ತೇನೆ. ಇಲ್ಲ, ಕೆಡಿಸಿಲ್ಲ. ನಾಲ್ಕೂವರೆ ಗಂಟೆ ನಿದ್ರೆ ಮಾಡಿ, ಬಸ್ ಹಿಡಿದು, ತರಗತಿ ತುಂಬ ಮಕ್ಕಳ ಮುಂದೆ ನಿಂತು ಪಾಠ ಮಾಡುವ ಮೆದುಳು ಹಾಳಾದ ಮೆದುಳಲ್ಲ. ಸುಸ್ತಾದ ಮೆದುಳು. ಎರಡಕ್ಕೂ ತುಂಬ ವ್ಯತ್ಯಾಸ ಇದೆ.

ಹಾಗಂತ ಏನೂ ಆಗಿಲ್ಲ, ಎಲ್ಲ ನಿಮ್ಮ ಭ್ರಮೆ ಅಂತಲೂ ಹೇಳುವುದಿಲ್ಲ. ಕೋವಿಡ್‌ನ ಮೊದಲ ವರ್ಷದಲ್ಲಿ ಆತಂಕ ಮತ್ತು ಖಿನ್ನತೆಯ ಸಮಸ್ಯೆ ಜಗತ್ತಿನಾದ್ಯಂತ ಶೇ. 25ರಷ್ಟು ಹೆಚ್ಚಾಯಿತು ಎಂದು ವಿಶ್ವ ಆರೋಗ್ಯ ಸಂಸ್ಥೆ 2022ರ ಮಾರ್ಚ್‌ನಲ್ಲಿ ಹೇಳಿತು. ಹೆಚ್ಚು ಪೆಟ್ಟು ಬಿದ್ದದ್ದು ಯುವಜನರಿಗೆ ಮತ್ತು ಹೆಂಗಸರಿಗೆ. ನೀವು ಆಗ ಎರಡೂ ಆಗಿದ್ದಿರಿ.

ವಿದ್ಯಾರ್ಥಿಗಳಿಗೆ ಯಾಕೆ ಜಾಸ್ತಿ? 'ಮನೆಯಲ್ಲಿ ಆರಾಮ ಕೂತಿದ್ದರಲ್ಲ, ಇವರಿಗೇನು ಟೆನ್ಷನ್' ಎಂದು ಆ ಕಾಲದಲ್ಲಿ ಎಷ್ಟೋ ಅಪ್ಪ ಅಮ್ಮಂದಿರು ನನ್ನನ್ನು ಕೇಳಿದ್ದಾರೆ. ಒಂದು ಪ್ರಯೋಗದ ಬಗ್ಗೆ ಹೇಳುತ್ತೇನೆ. ಲಂಡನ್‌ನ ಸಂಶೋಧಕರು 2016ರಲ್ಲಿ ಪ್ರಕಟಿಸಿದ್ದು. ಕಂಪ್ಯೂಟರ್ ಆಟವೊಂದರಲ್ಲಿ ಕಲ್ಲಿನ ಕೆಳಗೆ ಹಾವು ಇದೆಯೋ ಇಲ್ಲವೋ ಅಂತ ಊಹಿಸಬೇಕು. ಹಾವು ಇದ್ದರೆ ಆಡುವವರ ಕೈಗೆ ಒಂದು ವಿದ್ಯುತ್ ಶಾಕ್. ಶಾಕ್ ಖಂಡಿತ ಹೊಡೆಯುತ್ತದೆ ಅಂತ ಗೊತ್ತಿದ್ದಾಗ ಜನ ಅಷ್ಟೊಂದು ಒದ್ದಾಡಲಿಲ್ಲ. ಹೊಡೆದರೂ ಹೊಡೆಯಬಹುದು, ಇಲ್ಲದಿದ್ದರೆ ಇಲ್ಲ ಎಂಬ ಸ್ಥಿತಿಯಲ್ಲೇ ಬೆವರು, ಕಣ್ಣಿನ ಪಾಪೆ ಎಲ್ಲವೂ ಅತಿ ಹೆಚ್ಚು ಒತ್ತಡ ತೋರಿಸಿದವು. ಕೆಟ್ಟದು ಖಚಿತವಾಗಿದ್ದರೆ ದೇಹ ಹೇಗೋ ಹೊಂದಿಕೊಳ್ಳುತ್ತದೆ. ಆಗುತ್ತೋ ಇಲ್ಲವೋ ಎಂಬುದಕ್ಕೆ ಹೊಂದಿಕೊಳ್ಳುವುದು ಕಷ್ಟ.

ಈಗ ಆ ದಿನಗಳನ್ನು ನೆನಪಿಸಿಕೊಳ್ಳಿ. ಪರೀಕ್ಷೆ ಇದೆ ಅಂದರು, ಇಲ್ಲ ಅಂದರು. ಅಂತಿಮ ವರ್ಷದವರಿಗೆ ಪರೀಕ್ಷೆ ಆಗಲೇಬೇಕು ಅಂತ ಯುಜಿಸಿ 2020ರ ಜುಲೈನಲ್ಲಿ ಹೇಳಿತು. ವಿಷಯ ಸುಪ್ರೀಂ ಕೋರ್ಟಿಗೆ ಹೋಗಿ, ತೀರ್ಪು ಬಂದದ್ದು ಆಗಸ್ಟ್ 28ಕ್ಕೆ. ಕಾಸರಗೋಡಿನಿಂದ ದಿನಾ ಮಂಗಳೂರಿಗೆ ಬಂದು ಓದುತ್ತಿದ್ದ ಮಕ್ಕಳಿಗೆ ತಲಪಾಡಿ ಗಡಿಯೇ ಮುಚ್ಚಿತು. ಮುಂದಿನ ವರ್ಷ ಆರ್‌ಟಿಪಿಸಿಆರ್ ಚೀಟಿ ಇದ್ದರೆ ಮಾತ್ರ ಬನ್ನಿ ಅಂದರು. ಎಲ್ಲ ಸರಿಯಾಗುತ್ತಿದೆ ಅನ್ನುವಾಗ, 2021ರ ಮಾರ್ಚ್‌ನಲ್ಲಿ ಮಣಿಪಾಲದ ಎಂಜಿನಿಯರಿಂಗ್ ಕಾಲೇಜಿನ ಕ್ಯಾಂಪಸ್ ಕಂಟೈನ್‌ಮೆಂಟ್ ವಲಯವಾಯಿತು. ಸುಳ್ಯದ ಕಡೆ ಮಗಳ ಆನ್‌ಲೈನ್ ಕ್ಲಾಸಿಗೆ ನೆಟ್‌ವರ್ಕ್ ಸಿಗುವ ಜಾಗದಲ್ಲಿ, ರಸ್ತೆ ಬದಿ, ಅಪ್ಪ ಕೊಡೆ ಹಿಡಿದು ನಿಂತ ಫೋಟೋ ಎಲ್ಲರೂ ನೋಡಿದ್ದೇವೆ. ನೋಡಿದವರು ಆ ಅಪ್ಪನನ್ನು ಮೆಚ್ಚಿದರು, ಸರಿ. ಆ ಹುಡುಗಿಗೆ ದಿನಾ ಬೆಳಿಗ್ಗೆ 'ಇವತ್ತು ಸಿಗ್ನಲ್ ಸಿಗುತ್ತಾ' ಅನ್ನುವ ಚಿಂತೆ ಇತ್ತಲ್ಲ, ನನ್ನ ಕೆಲಸದಲ್ಲಿ ಒತ್ತಡ ಅಂದರೆ ಅದು. ಆರಾಮ ಕೂತಿದ್ದರು ಅನ್ನುವ ಮಾತು ಎಷ್ಟು ತಪ್ಪು ನೋಡಿ.

ಇನ್ನು ನಿಮ್ಮ ಉಪ್ಪರಿಗೆಯ ರಾತ್ರಿಗಳಿಗೆ ಬರುತ್ತೇನೆ. ಅಲ್ಲೇ ಇಡೀ ವಿಷಯ ಇದೆ.

ಆಗ ನಿಮಗೆ 20 ವರ್ಷ. ಆ ವಯಸ್ಸಿನಲ್ಲಿ ದೇಹದ ಗಡಿಯಾರವೇ ತಡವಾಗಿ ಓಡುತ್ತದೆ. ಹದಿಹರೆಯದಲ್ಲಿ ನಿದ್ರೆಯ ಹೊತ್ತು ಮುಂದೆ ಮುಂದೆ ಸರಿಯುತ್ತಾ ಹೋಗಿ, ಇಪ್ಪತ್ತರ ಆಸುಪಾಸಿನಲ್ಲಿ ತೀರಾ ತಡವಾಗಿ, ಆಮೇಲೆ ನಿಧಾನಕ್ಕೆ ಹಿಂದೆ ಬರುತ್ತದೆ. ಇದು ಸೋಮಾರಿತನವಲ್ಲ, ಜೀವಶಾಸ್ತ್ರ. ಅದರ ಮೇಲೆ ಬೆಳಿಗ್ಗೆ ಎಂಟಕ್ಕೆ ಹೊರಡುವ ಬಸ್ಸೂ ಇಲ್ಲ, ಹಾಸ್ಟೆಲ್ಲಿನ ಬೆಲ್ಲೂ ಇಲ್ಲ. ಹಗಲು ಪೂರ್ತಿ ನೀವು ಬೇರೆಯವರಿಗೆ ಸೇರಿದವರು. ಕ್ಲಾಸಿನಲ್ಲಿದ್ದರೂ ಯಾರಾದರೂ 'ಒಂದು ಲೋಟ ಚಾ ಮಾಡು' ಅನ್ನಬಹುದು. ಗಂಡು ಮಕ್ಕಳಿಗೂ ಈ ಕಷ್ಟ ಇತ್ತು, ಆದರೆ ಅವರು ಸಂಜೆ ಗದ್ದೆ ಬದಿಗೋ ಪೇಟೆ ಕಡೆಗೋ ಹೋಗಿ ಬರುತ್ತಿದ್ದರು. ಆ ಎರಡು ವರ್ಷ ನನ್ನ ಬಳಿ ಬಂದ ಹೆಣ್ಣುಮಕ್ಕಳಲ್ಲಿ ಈ ಮಾತು ಮತ್ತೆ ಮತ್ತೆ ಕೇಳಿದ್ದೇನೆ: ರಾತ್ರಿ ಹನ್ನೊಂದರ ನಂತರದ ಹೊತ್ತು ಮಾತ್ರ ನನ್ನದು. ಅದನ್ನು ನಿದ್ರೆಗೆ ಕೊಡಲು ಮನಸ್ಸು ಬರುವುದಿಲ್ಲ.

ಹಾಗಾಗಿ ರಾತ್ರಿ ಎಚ್ಚರ ಇರುವುದು ಆಗ ನಿಮ್ಮ ದೌರ್ಬಲ್ಯ ಆಗಿರಲಿಲ್ಲ. ಜನ ತುಂಬಿದ ಮನೆಯಲ್ಲಿ ಸ್ವಲ್ಪ ಜಾಗ ಮಾಡಿಕೊಳ್ಳಲು ನೀವು ಕಂಡುಕೊಂಡ ಉಪಾಯ. ಒಳ್ಳೆಯ ಉಪಾಯವೇ. ತೊಂದರೆ ಎಂದರೆ ಚಿಕ್ಕಪ್ಪನ ಸಂಸಾರ ಹೋದ ಮೇಲೂ ಉಪಾಯ ಹಾಗೇ ಉಳಿಯಿತು. ಮಳೆಗಾಲಕ್ಕೆ ಜಗಲಿಗೆ ಕಟ್ಟಿದ ತಟ್ಟಿಯನ್ನು ಮಳೆ ನಿಂತ ಮೇಲೂ ಬಿಚ್ಚದ ಹಾಗೆ. ಈಗ ಅದು ಬಿಸಿಲು, ಗಾಳಿಯನ್ನು ತಡೆಯುತ್ತಿದೆ.

ಎರಡನೆಯದು ಫೋನ್ ಕರೆ. ಇದನ್ನು ನೀವು ಪತ್ರದಲ್ಲಿ ಎರಡು ಸಾಲಿನಲ್ಲಿ ಮುಗಿಸಿದ್ದೀರಿ. ನನಗೆ ಅದೇ ಮುಖ್ಯ ಅನಿಸಿತು. 2021ರ ಏಪ್ರಿಲ್, ಮೇಯಲ್ಲಿ ನಮ್ಮೆಲ್ಲರ ಮೊಬೈಲಿನಲ್ಲಿ ಏನಿತ್ತು ನೆನಪಿದೆಯಾ? ಒಂದೇ ವಾಟ್ಸಾಪ್‌ನಲ್ಲಿ ಪ್ರಾಕ್ಟಿಕಲ್ ರೆಕಾರ್ಡಿನ ಪಿಡಿಎಫ್, ಆಕ್ಸಿಜನ್ ಬೆಡ್ ಬೇಕು ಅನ್ನುವ ಮೆಸೇಜ್, ಗೆಳೆಯನ ಜೋಕು, ಯಾರದೋ ಫೋಟೋಗೆ ಓಂ ಶಾಂತಿ. ಪಾಠ, ಮನರಂಜನೆ, ಭಯ ಎಲ್ಲವೂ ಅಂಗೈಯಗಲದ ಒಂದೇ ಪರದೆಯಲ್ಲಿ. ಮನಸ್ಸು ಹಗುರ ಮಾಡಿಕೊಳ್ಳಲು ಕೈಗೆತ್ತಿಕೊಂಡ ವಸ್ತುವೇ ಕೆಟ್ಟ ಸುದ್ದಿಯನ್ನೂ ತಂದಿತು. ನಿಮಗಂತೂ ಸಾವಿನ ಸುದ್ದಿಯೇ ಬಂತು. ಅದನ್ನು ಕೆಳಗಿಳಿದು ಹೋಗಿ ಮನೆಯವರನ್ನು ಎಬ್ಬಿಸಿ ಹೇಳಬೇಕಾದವರೂ ನೀವೇ.

ದೇಹ ಇಂಥದನ್ನು ಬೇಗ ಕಲಿಯುತ್ತದೆ, ನಿಧಾನಕ್ಕೆ ಮರೆಯುತ್ತದೆ. ರಿಂಗ್ ಅಂದರೆ ಅಪಾಯ ಎಂದು ನಿಮ್ಮ ಎದೆ ಅಂದು ಕಲಿಯಿತು. ಆಮೇಲೆ ನೀವು ಫೋನನ್ನು ಸೈಲೆಂಟ್ ಮಾಡಿದಿರಿ. ಆ ಕ್ಷಣಕ್ಕೆ ನೆಮ್ಮದಿ ಸಿಕ್ಕಿತು. ಆದರೆ ರಿಂಗ್ ಆದರೂ ಏನೂ ಆಗುವುದಿಲ್ಲ, ಅಮ್ಮ 'ಬರುವಾಗ ಕೊತ್ತಂಬರಿ ತಾ' ಅನ್ನಲು ಮಾಡಿದ್ದು ಅಂತ ದೇಹಕ್ಕೆ ಹೊಸದಾಗಿ ಕಲಿಯುವ ಅವಕಾಶವೇ ಸಿಗಲಿಲ್ಲ. ಹೆದರಿಕೆಯಿಂದ ತಪ್ಪಿಸಿಕೊಂಡಷ್ಟೂ ಅದು ಬೆಳೆಯುತ್ತದೆ ಅನ್ನುವುದು ನಮ್ಮ ಕ್ಷೇತ್ರದಲ್ಲಿ ತುಂಬ ಗಟ್ಟಿಯಾದ ತಿಳಿವಳಿಕೆ.

ಇನ್ನೊಂದು ಮಾತು ಕೇಳಲೇಬೇಕು. ದೊಡ್ಡಪ್ಪನ ಬೊಜ್ಜಕ್ಕೆ, ಅಂದರೆ ಉತ್ತರಕ್ರಿಯೆಗೆ, ಎಷ್ಟು ಜನ ಬಂದಿದ್ದರು? ಆ ಮೇ ತಿಂಗಳಲ್ಲಿ ತೀರಿಕೊಂಡವರ ಮುಖ ನೋಡಲೂ ಎಷ್ಟೋ ಮನೆಯವರಿಗೆ ಆಗಲಿಲ್ಲ. ಊರವರು ಬಂದು ಕೂತು ಮಾತಾಡುವುದು, ಅಳುವುದು, ಕೊನೆಗೆ ಒಟ್ಟಿಗೆ ಊಟ ಮಾಡಿ ಹೋಗುವುದು ಯಾವುದೂ ನಡೆಯಲಿಲ್ಲ. ಆ ಸಾವಿನ ಬಗ್ಗೆ ಮನೆಯಲ್ಲಿ ಯಾರ ಜೊತೆಯಾದರೂ ಸರಿಯಾಗಿ ಮಾತಾಡಿದ್ದೀರಾ? ಇಲ್ಲ ಅಂದರೆ ಈಗಲೂ ಮಾತಾಡಬಹುದು. ಆಟಿ ತಿಂಗಳಲ್ಲೋ ದೀಪಾವಳಿಯಲ್ಲೋ ಹಿರಿಯರಿಗೆ ಬಡಿಸುವ ಕ್ರಮ ನಿಮ್ಮ ಮನೆಯಲ್ಲಿದ್ದರೆ, ಆ ದಿನ ಅಪ್ಪನ ಹತ್ತಿರ ಆ ರಾತ್ರಿಯ ವಿಷಯ ಎತ್ತಿ. ಆ ಕರೆ ಎತ್ತಿದ್ದು ನಾನು ಅಂತ ಹೇಳಿ. ಅವರು ತಮ್ಮ ಅಣ್ಣನನ್ನು ಕಳೆದುಕೊಂಡವರು. ಅವರ ಒಳಗೂ ಏನೋ ಉಳಿದಿರಬಹುದು.

ಈಗ ಚಟದ ಪ್ರಶ್ನೆ. ವಿಶ್ವ ಆರೋಗ್ಯ ಸಂಸ್ಥೆಯ ಹೊಸ ರೋಗಪಟ್ಟಿ 2022ರ ಜನವರಿ 1ರಿಂದ ಜಾರಿಯಲ್ಲಿದೆ. ಅದರಲ್ಲಿ ಗೇಮಿಂಗ್ ಡಿಸಾರ್ಡರ್ ಎಂಬ ಕಾಯಿಲೆ ಸೇರಿದೆ. ಆಟದ ಮೇಲೆ ಹಿಡಿತ ತಪ್ಪಿರಬೇಕು. ಬದುಕಿನ ಉಳಿದೆಲ್ಲದಕ್ಕಿಂತ ಆಟವೇ ಮೇಲಾಗಿರಬೇಕು. ಹಾನಿ ಆಗುತ್ತಿದೆ ಎಂದು ಗೊತ್ತಿದ್ದೂ ಮುಂದುವರಿಯಬೇಕು. ಇದು ಸಾಮಾನ್ಯವಾಗಿ ಒಂದು ವರ್ಷವಾದರೂ ನಡೆದು, ಓದು, ಕೆಲಸ, ಸಂಬಂಧ ಹಾಳಾಗಿರಬೇಕು. ರೀಲ್ಸ್ ನೋಡುವುದಕ್ಕೆ, ಸರಣಿ ನೋಡುವುದಕ್ಕೆ ಆ ಪಟ್ಟಿಯಲ್ಲಿ ಪ್ರತ್ಯೇಕ ಕಾಯಿಲೆಯ ಹೆಸರೇ ಇಲ್ಲ. ಇದರಿಂದ ತೊಂದರೆಯೇ ಇಲ್ಲ ಅಂತಲ್ಲ. ಆದರೆ ಹಗಲು ಎಂಟು ಗಂಟೆ ಮೊಬೈಲ್ ಮುಟ್ಟದೆ ಕೆಲಸ ಮಾಡಿ, ರಾತ್ರಿ ಮಾತ್ರ ಬಿಡಲಾಗದವರಿಗೆ 'ಚಟ' ಅಂತ ಹಣೆಪಟ್ಟಿ ಹಚ್ಚಿದರೆ ಚಿಕಿತ್ಸೆ ದಾರಿ ತಪ್ಪುತ್ತದೆ. ನಿಮ್ಮದು ನನಗೆ ಕಂಡ ಮಟ್ಟಿಗೆ ಹೊತ್ತು ತಪ್ಪಿದ ನಿದ್ರೆ, ಜೊತೆಗೆ ಆತಂಕ. ಇದರ ಮೇಲೆ ಖಿನ್ನತೆಯೂ ಸ್ವಲ್ಪ ಇರಬಹುದು. ಅದನ್ನು ಮುಖ ನೋಡಿ ಮಾತಾಡದೆ ಹೇಳಲಾಗುವುದಿಲ್ಲ. ಅಪ್ಪನಿಗೂ ಇಷ್ಟೇ ಹೇಳಿ.

ಡೋಪಮೈನ್ ಡಿಟಾಕ್ಸ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಡೋಪಮೈನ್ ಮೆದುಳೇ ತಯಾರಿಸುವ ರಾಸಾಯನಿಕ, ಹೊರಹಾಕಬೇಕಾದ ವಿಷವಲ್ಲ. ಖಾಲಿಯಾಗುವ ಟ್ಯಾಂಕೂ ಅಲ್ಲ. ಕೈ ಆಡಿಸುವುದಕ್ಕೂ ಹೊಸದನ್ನು ಕಲಿಯುವುದಕ್ಕೂ ಅದು ಬೇಕೇ ಬೇಕು. ಮೂರು ದಿನ ಎಲ್ಲ ಬಿಟ್ಟು ಕೂತವರು ನಾಲ್ಕನೆಯ ದಿನ ದುಪ್ಪಟ್ಟು ನೋಡಿ, 'ನನ್ನಿಂದ ಆಗಲ್ಲ' ಎಂದು ತಮ್ಮನ್ನೇ ಬೈದುಕೊಳ್ಳುವುದನ್ನು ಬೇಕಾದಷ್ಟು ನೋಡಿದ್ದೇನೆ. ಪರದೆಯ ನೀಲಿ ಬೆಳಕೇ ನಿದ್ರೆ ಕೆಡಿಸುತ್ತದೆ ಅನ್ನುವ ಕಥೆಯೂ ಹಾಗೇ, ಅತಿಯಾಗಿ ಹೇಳಿದ್ದು. ಪರದೆಯನ್ನು ಹಳದಿ ಮಾಡಿಕೊಂಡು ಎರಡರವರೆಗೆ ನೋಡಿದರೆ ನಿದ್ರೆ ಎರಡರ ನಂತರವೇ ಬರುತ್ತದೆ. ನಿದ್ರೆಯ ಹೊತ್ತನ್ನು ತಿನ್ನುವುದು ಮುಂದಿನ ಕಂತು, ಅದರ ಮುಂದಿನ ಕಂತು.

ಇಲ್ಲಿ ನನ್ನದೊಂದು ಅಭಿಪ್ರಾಯ. ನಮ್ಮ ಕರಾವಳಿಯವರಿಗೆ ರಾತ್ರಿ ಎಚ್ಚರ ಇರುವುದು ಹೊಸದೇನಲ್ಲ. ಬೆಳಗಿನ ತನಕ ಯಕ್ಷಗಾನದ ಆಟ ನೋಡಿ, ಮಂಗಳ ಹಾಡಿದ ಮೇಲೆ ಮನೆಗೆ ಬಂದು ಮಲಗಿದವರು ನಾವು. ಆದರೆ ಆಟಕ್ಕೆ ಒಂದು ಶುರು ಇತ್ತು, ಒಂದು ಕೊನೆ ಇತ್ತು. ಪಕ್ಕದಲ್ಲಿ ಕೂತವರಿದ್ದರು. ಚರುಮುರಿ ತಿನ್ನಲು ಎದ್ದು ಹೋಗುವುದಿತ್ತು. ಮರುದಿನ ಚೆಂಡೆಯವರ ಬಗ್ಗೆ, ವೇಷದವರ ಬಗ್ಗೆ ಮಾತಿತ್ತು. ಮೇ ಕೊನೆಗೆ ಪತ್ತನಾಜೆ ಬಂದರೆ ಮೇಳಗಳು ಗೆಜ್ಜೆ ಬಿಚ್ಚುತ್ತಿದ್ದವು, ಮತ್ತೆ ಮಳೆಗಾಲ ಮುಗಿಯುವ ತನಕ ತಿರುಗಾಟವಿಲ್ಲ. 2020ರಲ್ಲಿ ತಿರುಗಾಟ ಮಾರ್ಚ್‌ನಲ್ಲೇ ನಿಂತಿತು. ಕಾಲೇಜಿನ ವಾಲಿಬಾಲ್, ಪಣಂಬೂರಿನ ಸಂಜೆ, ಬಸ್ಸಿನ ಹರಟೆ ಎಲ್ಲವೂ ಒಟ್ಟಿಗೆ ನಿಂತವು. ಉಳಿದದ್ದು ಕೊನೆಯೇ ಇಲ್ಲದ, ಜೊತೆಯಲ್ಲಿ ಯಾರೂ ಇಲ್ಲದ ಮನರಂಜನೆ. ಎಷ್ಟು ಗಂಟೆ ಮೊಬೈಲ್ ನೋಡಿದಿರಿ ಅನ್ನುವುದಕ್ಕಿಂತ ಇದು ದೊಡ್ಡ ವಿಷಯ ಅಂತ ನನಗೆ ಅನಿಸುತ್ತದೆ. 2021ರ ಮಳೆಗಾಲದಲ್ಲಿ ಉಡುಪಿ ಸುತ್ತಮುತ್ತ ಹಡಿಲು ಬಿದ್ದ ಗದ್ದೆಗಳಲ್ಲಿ ಮತ್ತೆ ನಾಟಿ ಮಾಡಿದರಲ್ಲ, ಆಗ ನೇಜಿ ನೆಡಲು ಹೋದ ಹುಡುಗ ಹುಡುಗಿಯರು ಕೆಲವರನ್ನು ನಾನು ಬಲ್ಲೆ. ಅವರಿಗೂ ಮೊಬೈಲ್ ಇತ್ತು. ಆದರೆ ಸಂಜೆ ಸೊಂಟ ನೋಯುತ್ತಿತ್ತು, ರಾತ್ರಿ ಹತ್ತಕ್ಕೆ ಕಣ್ಣು ಎಳೆಯುತ್ತಿತ್ತು.

ಏನು ಮಾಡಬಹುದು? ಎಲ್ಲಕ್ಕಿಂತ ಮೊದಲು ಒಂದು ರಕ್ತ ಪರೀಕ್ಷೆ. ಹಿಮೋಗ್ಲೋಬಿನ್ ಮತ್ತು ಥೈರಾಯ್ಡ್. ನಿಮ್ಮ ವಯಸ್ಸಿನ ಹೆಣ್ಣುಮಕ್ಕಳಲ್ಲಿ ರಕ್ತ ಕಡಿಮೆ ಇರುವುದು ಸಾಮಾನ್ಯ, ಥೈರಾಯ್ಡ್ ತೊಂದರೆಯೂ ಅಪರೂಪವಲ್ಲ. ಎರಡರಲ್ಲೂ ಎದೆ ಬಡಿತ, ಸುಸ್ತು, ನಿರುತ್ಸಾಹ ಕಾಣಿಸುತ್ತದೆ. ರಿಂಗ್ ಇಲ್ಲದೆಯೂ ಎದೆ ಹೊಡೆದುಕೊಂಡರೆ, ಮೆಟ್ಟಿಲು ಹತ್ತುವಾಗ ಎದೆ ನೋವು ಬಂದರೆ, ತಲೆ ಸುತ್ತಿ ಬಿದ್ದರೆ ಕಾಯಬೇಡಿ, ಇಸಿಜಿ ಮಾಡಿಸಿ. ಎಲ್ಲವನ್ನೂ ಮನಸ್ಸಿನ ತಲೆಗೆ ಕಟ್ಟುವ ಅಭ್ಯಾಸ ನಮ್ಮ ವೈದ್ಯರಲ್ಲೂ ಇದೆ.

ಆಮೇಲೆ ನಿದ್ರೆ. ಬೇಗ ಮಲಗಲು ಪ್ರಯತ್ನ ಮಾಡಲೇಬೇಡಿ. ಹತ್ತಕ್ಕೆ ಮಲಗಿ ಹನ್ನೆರಡರವರೆಗೆ ಹೊರಳಾಡಿದರೆ ಹಾಸಿಗೆ ಕಂಡರೇ ಕಿರಿಕಿರಿ ಶುರುವಾಗುತ್ತದೆ. ಏಳುವ ಹೊತ್ತನ್ನು ಹಿಡಿಯಿರಿ. ಆರೂವರೆ ಅಂದರೆ ಆರೂವರೆ, ಭಾನುವಾರವೂ. ನಿಮ್ಮ ಭಾನುವಾರದ ಹನ್ನೊಂದು ಗಂಟೆ ಇದೆಯಲ್ಲ, ಅದು ಪ್ರತಿ ವಾರ ದೇಹದ ಗಡಿಯಾರವನ್ನು ನಾಲ್ಕೂವರೆ ಗಂಟೆ ದೂರದ ದೇಶಕ್ಕೆ ಕಳುಹಿಸಿ, ಸೋಮವಾರ ವಾಪಸ್ ಕರೆಯುತ್ತಿದೆ. ಎದ್ದ ತಕ್ಷಣ ಅಂಗಳಕ್ಕೆ ಬನ್ನಿ. ಚಾ ಲೋಟ ಹಿಡಿದುಕೊಂಡೇ ಆಗಲಿ, ಅರ್ಧ ಗಂಟೆ ಹೊರಗಿನ ಬೆಳಕಿನಲ್ಲಿರಿ. ಮೋಡ ಇದ್ದರೂ ಹೊರಗಿನ ಬೆಳಕು ಮನೆಯ ಟ್ಯೂಬ್‌ಲೈಟಿಗಿಂತ ಎಷ್ಟೋ ಪಟ್ಟು ಜಾಸ್ತಿ. ಗಡಿಯಾರವನ್ನು ಹಿಂದಕ್ಕೆ ತರಲು ಅದಕ್ಕಿಂತ ಒಳ್ಳೆಯ ಔಷಧಿ ನನ್ನ ಬಳಿ ಇಲ್ಲ. ಮೂರು ಗಂಟೆಯ ಮೇಲೆ ಕಾಫಿ, ಚಾ ಬೇಡ. ಕೆಫೀನ್ ಅರ್ಧ ಇಳಿಯುವುದಕ್ಕೇ ಸುಮಾರು ಐದು ಗಂಟೆ ಬೇಕು. ನಮ್ಮೂರಿನಲ್ಲಿ ಸಂಜೆ ಕಾಫಿ ಬಿಡಿ ಅನ್ನುವುದು ಎಷ್ಟು ಕಷ್ಟದ ಮಾತು ಅಂತ ಗೊತ್ತು, ಆದರೂ.

ಇದರ ಅಪಾಯವನ್ನೂ ಹೇಳಬೇಕು. ಮೊದಲ ಒಂದೆರಡು ವಾರ ಹಗಲು ನಿದ್ರೆ ಎಳೆಯುತ್ತದೆ. ಬಸ್ಸಲ್ಲಿ ಹೋಗುವ ತನಕ ಚಿಂತೆಯಿಲ್ಲ, ಆ ದಿನಗಳಲ್ಲಿ ಸ್ಕೂಟರ್ ಓಡಿಸಬೇಡಿ. ತೀರಾ ಆಗದಿದ್ದರೆ ಮಧ್ಯಾಹ್ನ ಇಪ್ಪತ್ತು ನಿಮಿಷ ಕಣ್ಣು ಮುಚ್ಚಿ, ಅದಕ್ಕಿಂತ ಜಾಸ್ತಿ ಬೇಡ.

ಇಷ್ಟು ಮಾಡಿದರೂ ರಾತ್ರಿಯ ಆ 'ನನ್ನ ಹೊತ್ತು' ಬೇಕೇ ಬೇಕು ಅನಿಸುತ್ತದೆ. ಅದನ್ನು ಕಿತ್ತುಕೊಂಡರೆ ಉಳಿದದ್ದೆಲ್ಲ ಬಿದ್ದುಹೋಗುತ್ತದೆ. ಆದ್ದರಿಂದ ಕಿತ್ತುಕೊಳ್ಳಬೇಡಿ, ಜಾಗ ಬದಲಿಸಿ. ಕಾಲೇಜು ಬಿಟ್ಟ ಮೇಲೆ ವಾರದಲ್ಲಿ ಕೆಲವು ದಿನ ಬೇಕೆಂದೇ ಒಂದು ಬಸ್ ತಪ್ಪಿಸಿ. ಅಜ್ಜರಕಾಡಿನ ಭುಜಂಗ ಪಾರ್ಕಿನಲ್ಲಿ ಕೂರಿ, ಗೆಳತಿಯ ಜೊತೆ ಹೋಟೆಲಿಗೆ ಹೋಗಿ, ಏನೂ ಮಾಡದೆಯೂ ಇರಿ. ಕೆ-ಸೆಟ್ ಪುಸ್ತಕ ಮಾತ್ರ ತೆರೆಯಬೇಡಿ. ಅದು ಓದಿನ ಹೊತ್ತಲ್ಲ, ನಿಮ್ಮ ಹೊತ್ತು. ಮನೆಯಲ್ಲಿ ಕೇಳಿದರೆ ಲೇಟಾಯ್ತು ಅನ್ನಿ, ಸುಳ್ಳೇನಲ್ಲ. ಸರಣಿ ನೋಡುವುದಿದ್ದರೆ ರಾತ್ರಿ ಊಟದ ಹೊತ್ತಿಗೆ ಚಾವಡಿಯ ಟಿವಿಯಲ್ಲಿ, ಅಮ್ಮನನ್ನೋ ತಮ್ಮನನ್ನೋ ಕೂರಿಸಿಕೊಂಡು ಒಂದು ಕಂತು ನೋಡಿ. ಮುಂದಿನದು ತಾನಾಗಿ ಶುರುವಾಗುವುದನ್ನು ಸೆಟ್ಟಿಂಗ್‌ನಲ್ಲಿ ನಿಲ್ಲಿಸಿ. ಮೊಬೈಲ್ ಚಾರ್ಜಿಗೆ ಇಡುವ ಜಾಗ ಕೆಳಗೆ ಇರಲಿ. ಅಲಾರಾಂಗೆ ಒಂದು ಗಡಿಯಾರ ಕೊಳ್ಳಿ.

ರಿಂಗಿನ ಹೆದರಿಕೆಗೆ ಸೈಲೆಂಟ್ ತೆಗೆಯಬೇಕು. ಒಮ್ಮೆಗೇ ಅಲ್ಲ. ಮೊದಲು ರಿಂಗ್‌ಟೋನ್ ಬದಲಿಸಿ. ಹಗಲು ಹೊತ್ತು, ನಿಮಗೆ ಹೇಳಿಯೇ, ತಮ್ಮ ಮೂರ್ನಾಲ್ಕು ಸಲ ಫೋನ್ ಮಾಡಲಿ. ಬರೀ ಊಟ ಆಯ್ತಾ ಅಂತ ಕೇಳಲಿ. ಎದೆ ಬಡಿದುಕೊಂಡರೆ ಬಡಿದುಕೊಳ್ಳಲಿ, ಫೋನ್ ಎತ್ತಿ, ಮಾತು ಮುಗಿಸಿ. ಬಡಿತ ತಾನಾಗಿ ಇಳಿಯುವುದನ್ನು ಗಮನಿಸಿ. ಕೆಲವು ದಿನದ ಮೇಲೆ ಹೇಳದೆ ಮಾಡಲಿ. ರಾತ್ರಿ ರಿಂಗ್ ಕೊನೆಗೆ. ಆ ಫೋನ್ ಕರೆಯ ರಾತ್ರಿ ಕಣ್ಣ ಮುಂದೆ ಮರುಕಳಿಸುತ್ತಿದ್ದರೆ, ಕನಸಿನಲ್ಲಿ ಬರುತ್ತಿದ್ದರೆ ಇದನ್ನು ಒಬ್ಬರೇ ಮಾಡಬೇಡಿ. ಮನಶ್ಶಾಸ್ತ್ರಜ್ಞರ ಜೊತೆ ಕೂತು ಮಾಡುವ ಕ್ರಮ ಇದೆ.

ಮೆಲಟೋನಿನ್: ಗಡಿಯಾರ ತಡವಾದವರಿಗೆ ಕಡಿಮೆ ಪ್ರಮಾಣದಲ್ಲಿ, ಮಲಗುವುದಕ್ಕೆ ಕೆಲವು ಗಂಟೆ ಮೊದಲು ಕೊಟ್ಟರೆ ಸಹಾಯ ಆಗುವುದುಂಟು. ಜನ ಮಾಡುವ ತಪ್ಪು ಏನೆಂದರೆ, ದೊಡ್ಡ ಮಾತ್ರೆಯನ್ನು ನಡುರಾತ್ರಿ ನುಂಗುವುದು. ಆಗ ಮರುದಿನ ಬೆಳಿಗ್ಗೆ ಮಂಪರು, ಗಡಿಯಾರ ಅಲ್ಲೇ. ಹೊತ್ತು ಮತ್ತು ಪ್ರಮಾಣ ವೈದ್ಯರು ಹೇಳಿದ ಹಾಗಿರಲಿ. ಬೆಳಗಿನ ಬೆಳಕು, ಏಳುವ ಹೊತ್ತು ಸರಿಯಾಗದೆ ಅದೊಂದರಿಂದ ಏನೂ ಆಗುವುದಿಲ್ಲ. ಮನೆಯ ಹಿರಿಯರ ಡಬ್ಬಿಯಲ್ಲಿರುವ ನಿದ್ರೆ ಮಾತ್ರೆಯನ್ನು ಮಾತ್ರ ಮುಟ್ಟಬೇಡಿ. ಆಲ್ಪ್ರಜೋಲಮ್ ಜಾತಿಯ ಮಾತ್ರೆ ಮೊದಲ ದಿನ ದೇವರಂತೆ ಕಾಣುತ್ತದೆ, ಕೆಲವೇ ವಾರಗಳಲ್ಲಿ ಅದಿಲ್ಲದೆ ನಿದ್ರೆ ಬರುವುದಿಲ್ಲ. ಒಮ್ಮೆಗೇ ಬಿಟ್ಟರೆ ಇನ್ನೂ ಕಷ್ಟ.

ಇಷ್ಟನ್ನೂ ಒಂದು ತಿಂಗಳು ಮಾಡಿ ನೋಡಿ. ಬದಲಾವಣೆ ಕಾಣದಿದ್ದರೆ ನಿದ್ರೆಗೆಂದೇ ಇರುವ ವರ್ತನಾ ಚಿಕಿತ್ಸೆ ಇದೆ. ಬಹುಕಾಲದ ನಿದ್ರಾಹೀನತೆಗೆ ಮಾತ್ರೆಗಿಂತ ಮೊದಲು ಅದನ್ನೇ ಕೊಡಬೇಕು ಅನ್ನುವುದು ಇವತ್ತಿನ ವೈದ್ಯಕೀಯ ನಿಲುವು. ಆದರೆ ನೀವು ಒಂದು ಮಾತು ಬರೆದಿದ್ದೀರಿ, ಆಟಕ್ಕೆ ಕರೆದರೂ ಮನಸ್ಸಿಲ್ಲ ಅಂತ. ಇಷ್ಟದ್ದೆಲ್ಲ ಸಪ್ಪೆ ಅನಿಸುವುದು, ಹಸಿವು ಬದಲಾಗುವುದು, ತಾನು ಯಾವುದಕ್ಕೂ ಬಾರದವಳು ಅನಿಸುವುದು ಎರಡು ವಾರ ಹೆಚ್ಚುಕಡಿಮೆ ದಿನಾ ಇದ್ದರೆ ಒಂದು ತಿಂಗಳು ಕಾಯಬೇಡಿ. ಅದು ಖಿನ್ನತೆ ಇರಬಹುದು. ಅದಕ್ಕೆ ಮಾತಿನ ಚಿಕಿತ್ಸೆ ಇದೆ, ಬೇಕಾದರೆ ಔಷಧಿ ಇದೆ. ಖಿನ್ನತೆಯ ಔಷಧಿಗಳು ಆಲ್ಪ್ರಜೋಲಮ್‌ನಂತೆ ಚಟ ಹಿಡಿಸುವುದಿಲ್ಲ. ಮೊದಲ ದಿನಗಳಲ್ಲಿ ವಾಕರಿಕೆ, ಚಡಪಡಿಕೆ ಇರುತ್ತದೆ, ಕೆಲಸ ಶುರು ಮಾಡಲು ಕೆಲವು ವಾರ ಬೇಕು, ನಿಲ್ಲಿಸುವಾಗ ನಿಧಾನಕ್ಕೆ ನಿಲ್ಲಿಸಬೇಕು. 25ರೊಳಗಿನವರಿಗೆ ಶುರುವಿನಲ್ಲಿ ವೈದ್ಯರು ಹತ್ತಿರದಿಂದ ಗಮನಿಸುತ್ತಿರಬೇಕು. ಸಾಯಬೇಕು ಅನಿಸಿದರೆ ಅದೇ ದಿನ ಮನೆಯವರಿಗೆ ಹೇಳಿ, ಆಸ್ಪತ್ರೆಗೆ ಬನ್ನಿ. ಫೋನಿನಲ್ಲಿ ಮಾತಾಡುವುದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಸಂಖ್ಯೆ 14416. ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ.

ಖಾಸಗಿ ಆಸ್ಪತ್ರೆಗೇ ಬರಬೇಕೆಂದೇನೂ ಇಲ್ಲ. ಉಡುಪಿಯಲ್ಲಿ ಜಿಲ್ಲಾ ಆಸ್ಪತ್ರೆ ಅಜ್ಜರಕಾಡಿನಲ್ಲೇ ಇದೆ, ನೀವು ಕಾಲೇಜಿಗೆ ಬರುವ ದಿನಗಳಲ್ಲೇ ಹೋಗಿ ಬರಬಹುದು. ಮಂಗಳೂರಿನವರಿಗೆ ಸರ್ಕಾರಿ ವೆನ್ಲಾಕ್ ಆಸ್ಪತ್ರೆ ಇದೆ. ಅತಿಥಿ ಉಪನ್ಯಾಸಕರ ಸಂಬಳ ಎಷ್ಟು, ಯಾವಾಗ ಬರುತ್ತದೆ ಎಂದು ನನಗೂ ಗೊತ್ತು. ಒಂದು ಮಾತು, ನಿಮ್ಮ ಕೆಲಸದ ಭದ್ರತೆ ಇಲ್ಲದಿರುವುದೂ ಈ ಒತ್ತಡದ ಭಾಗವೇ. ವರ್ಷ ವರ್ಷ 'ಮುಂದಿನ ಸಲ ಕರೆಯುತ್ತಾರೋ ಇಲ್ಲವೋ' ಅನ್ನುವುದು ಆ ಹಾವಿನ ಆಟವೇ ಅಲ್ವಾ. ಅದಕ್ಕೆ ನನ್ನ ಬಳಿ ಚಿಕಿತ್ಸೆ ಇಲ್ಲ. ಎಲ್ಲವನ್ನೂ ಮೊಬೈಲಿನ ಮೇಲೆ ಹಾಕಬೇಡಿ ಅಂತ ಮಾತ್ರ ಹೇಳಬಲ್ಲೆ.

ತಮ್ಮನ ವಿಷಯ. ಅವನದು ನಿಮ್ಮ ಕಥೆಯೇ ಅಂತ ತೀರ್ಮಾನ ಮಾಡಬೇಡಿ. ನೀವು ಡಿಗ್ರಿ ಓದುವಾಗ ಅವನಿನ್ನೂ ಶಾಲೆಯಲ್ಲಿದ್ದ. ಹೈಸ್ಕೂಲಿನ ಎರಡು ವರ್ಷ ಗೆಳೆಯರೇ ಇಲ್ಲದೆ ಕಳೆದವನು. ಅವನಿಗೆ ಕಷ್ಟ ಬೇರೆಯೇ ಇರಬಹುದು. ಬುದ್ಧಿ ಹೇಳುವ ಮೊದಲು ಅವನು ಏನು ನೋಡುತ್ತಾನೆ, ಯಾರ ಜೊತೆ ಆಡುತ್ತಾನೆ ಕೇಳಿ. ಗೆಳೆಯರ ಜೊತೆ ಮಾತಾಡುತ್ತಾ ಆಡುವ ಹುಡುಗನ ಬಗ್ಗೆ ನನಗೆ ಅಷ್ಟು ಚಿಂತೆ ಇಲ್ಲ. ಒಬ್ಬನೇ, ಸೋತರೂ ಗೆದ್ದರೂ ಮುಖದಲ್ಲಿ ಏನೂ ಇಲ್ಲದೆ ಆಡುವವನ ಬಗ್ಗೆ ಇದೆ. ದುಡ್ಡು ಕಟ್ಟಿ ಆಡುವ ಆಟ ಏನಾದರೂ ಇದೆಯಾ ಅಂತಲೂ ನೋಡಿ. ಇದ್ದರೆ ಅದನ್ನು ಮುಂದಕ್ಕೆ ಹಾಕಬೇಡಿ, ಅವನನ್ನು ಕರೆದುಕೊಂಡೇ ಬನ್ನಿ. ನೀವು ಬರುವಾಗ ಎರಡು ವಾರದ ಲೆಕ್ಕ ಒಂದು ಹಾಳೆಯಲ್ಲಿ ಬರೆದು ತನ್ನಿ: ಎಷ್ಟಕ್ಕೆ ಮಲಗಿದಿರಿ, ಎಷ್ಟಕ್ಕೆ ಎದ್ದಿರಿ, ಕೊನೆಯ ಕಾಫಿ ಎಷ್ಟಕ್ಕೆ, ಎದೆ ಬಡಿತ ಯಾವಾಗ ಬಂತು. ರಕ್ತ ಪರೀಕ್ಷೆಯ ವರದಿಯೂ ಜೊತೆಗಿರಲಿ.